ಮ್ಯಾಚ್ ನೋಡುತ್ತಲೇ ಕಲಿತ ಇಂಗ್ಲಿಷ್

ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವುದಾಗಿ ಹೇಳುವ, ಬಸ್ ಸ್ಟ್ಯಾಂಡಿನಲ್ಲಿ ಮಾರುವ ಪುಸ್ತಕಗಳು ನನ್ನ ಮನೆಯಲ್ಲೂ ಇವೆ. ಪೋಸ್ಟಾಫೀಸಿನಲ್ಲಿ ಸ್ಟಾಂಪ್ ಕೇಳುವುದು ಹೇಗೆ, ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿಯನ್ನು ಕರೆಯುವುದು ಹೇಗೆ ಎಂದೆಲ್ಲ ಅವುಗಳಲ್ಲಿದೆ. ಸ್ಟಾಂಪಿಗಾಗಿ ಇಂಗ್ಲಿಷ್ ಮಾತಾಡುವ ಪ್ರಸಂಗ ನನಗೆ ತಿಪಟೂರಿನಲ್ಲೂ ಬರಲಿಲ್ಲ, ಬೆಂಗಳೂರಿನಲ್ಲೂ ಬರಲಿಲ್ಲ. ಅದು ಬೇಕಾಗಿದ್ದು ಪೀಣ್ಯದ ಕಾರ್ಖಾನೆಯಲ್ಲಿ, ಬಿಡಿಭಾಗ ಕಳಿಸಿದವರು ಪುಣೆಯಿಂದ ಫೋನ್ ಮಾಡಿ ‘ನಮ್ಮ ಮಾಲು ಯಾಕೆ ರಿಜೆಕ್ಟ್ ಮಾಡಿದಿರಿ’ ಎಂದು ಕೇಳಿದಾಗ. ಐದನೇ ತರಗತಿಯಲ್ಲಿ ಎಬಿಸಿಡಿ ಶುರುಮಾಡಿ ಐಟಿಐ ಮುಗಿಸಿದವನು ನಾನು. ಓದಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬಾಯಿ ಬಿಡಿಸಿದ್ದು ಕ್ರಿಕೆಟ್.

ಯಾಕೆಂದರೆ ಆಟ ಮೊದಲೇ ಗೊತ್ತಿತ್ತು. ಆಗ ಆಕಾಶವಾಣಿಯಲ್ಲಿ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್ ಕಾಮೆಂಟರಿ ಬರುತ್ತಿತ್ತು. ರೇಡಿಯೋ ಸುತ್ತ ನಿಂತ ನಮಗೆ ಎರಡೂ ಅಷ್ಟಕ್ಕಷ್ಟೇ. ಆದರೂ 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ 74 ರನ್ ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಏನು ನಡೆಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ವಿಷಯ ಗೊತ್ತಿದ್ದರೆ ಹೊಸದಾಗಿ ಉಳಿಯುವುದು ಭಾಷೆಯೊಂದೇ. ವಿಷಯವೂ ಹೊಸದು, ಭಾಷೆಯೂ ಹೊಸದು ಎಂದಾದರೆ ನನ್ನಂಥವನ ತಲೆ ಎರಡನ್ನೂ ಕೈಬಿಡುತ್ತದೆ.

ನಾನು ಮೊದಲು ಹಿಡಿದದ್ದು ಇಎಸ್‌ಪಿಎನ್ ಕ್ರಿಕ್‌ಇನ್ಫೋ ಎಂಬ ಕ್ರಿಕೆಟ್ ಜಾಲತಾಣದಲ್ಲಿ ಬರುವ ಎಸೆತವಾರು ವಿವರಣೆ. ಟೆಸ್ಟ್ ಪಂದ್ಯದ ಒಂದು ಪೂರ್ಣ ದಿನಕ್ಕೆ 90 ಓವರ್, ಅಂದರೆ 540 ಎಸೆತ. ಒಂದೊಂದು ಎಸೆತಕ್ಕೂ ಒಂದೆರಡು ಸಾಲು. ಇಷ್ಟು ಚಿಕ್ಕ ಚಿಕ್ಕ ಪಾಠ, ಅದೂ ಬಿಟ್ಟಿಯಾಗಿ, ಬೇರೆಲ್ಲಿ ಸಿಗುತ್ತದೆ? ಹಾಗಂತ ಎಲ್ಲ ಓದುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಎರಡು ಓವರ್, ಸಂಜೆ ಮೆಟ್ರೋದಲ್ಲಿ ನಾಲ್ಕೈದು. ಟಿ-20 ಆದರೆ ಬರೆಯುವವರಿಗೂ ಅವಸರ. ನಿಧಾನವಾಗಿ ನಡೆಯುವ ಟೆಸ್ಟೇ ಕಲಿಯುವವನಿಗೆ ಒಳ್ಳೆಯದು. ಏನೂ ಆಗದ ಎಸೆತವನ್ನೂ ಅಲ್ಲಿ ಹತ್ತು ಬಗೆಯಲ್ಲಿ ಹೇಳಬೇಕಾಗುತ್ತದೆ.

ಇದರಿಂದ ಬಗೆಹರಿದ ದೊಡ್ಡ ತೊಡಕು ಎಂದರೆ ಇಂಗ್ಲಿಷಿನ ಆ ಚಿಲ್ಲರೆ ಪದಗಳು: ಓವರ್, ಪಾಸ್ಟ್, ಥ್ರೂ, ಇನ್‌ಟು, ಆಫ್. ನಮಗೆ ವಿಭಕ್ತಿ ಪದದ ಬಾಲದಲ್ಲಿ ಅಂಟಿಕೊಂಡು ಬರುತ್ತದೆ, ಅವರಿಗೆ ಮುಂದೆ ಬಿಡಿಯಾಗಿ ನಿಲ್ಲುತ್ತದೆ. ಶಾಲೆಯಲ್ಲಿ ಬಿಟ್ಟ ಸ್ಥಳ ತುಂಬಿಸುವಾಗ ಯಾವುದೋ ಒಂದನ್ನು ತುರುಕುತ್ತಿದ್ದೆ. ಮೈದಾನದಲ್ಲಿ ಹಾಗೆ ತುರುಕಲು ಆಗುವುದಿಲ್ಲ. ಮಿಡ್-ಆನ್ ಎಂಬ ಜಾಗದಲ್ಲಿ ಫೀಲ್ಡರ್ ಒಬ್ಬ ನಿಂತಿದ್ದಾನೆ ಎಂದುಕೊಳ್ಳಿ. ‘ಟು ಮಿಡ್-ಆನ್’ ಎಂದರೆ ಚೆಂಡು ಅವನ ಕಡೆಗೇ ಹೋಯಿತು, ಬಹುಶಃ ರನ್ ಇಲ್ಲ. ‘ಪಾಸ್ಟ್ ಮಿಡ್-ಆನ್’ ಎಂದರೆ ಅವನನ್ನು ದಾಟಿತು, ಓಡಬಹುದು. ‘ಓವರ್ ಮಿಡ್-ಆನ್’ ಎಂದರೆ ತಲೆಯ ಮೇಲೆ, ಬೌಂಡರಿ ಆಸೆ. ಮನುಷ್ಯ ಒಬ್ಬನೇ, ಪದ ಬದಲಾದರೆ ಸ್ಕೋರೇ ಬದಲು. ಈ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ವ್ಯಾಕರಣದ ಪಟ್ಟಿ ನೋಡುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಲಾಭ ಕಾರ್ಖಾನೆಗೆ ನೇರವಾಗಿ ಬಂತು. ಕಾಮೆಂಟರಿ ಹೇಳುವವರಿಗೆ ಆಗಿಹೋದದ್ದರ ಬಗ್ಗೆ ಗೊಣಗುವುದು ಬಹಳ ಇಷ್ಟ. ‘ಹೀ ಶುಡ್ ಹ್ಯಾವ್ ಲೆಫ್ಟ್ ಇಟ್’, ‘ದಟ್ ಕುಡ್ ಹ್ಯಾವ್ ಬೀನ್ ಔಟ್’. ಕೇಳಿ ಕೇಳಿ ಆ ಅಚ್ಚು ನಾಲಿಗೆಯಲ್ಲಿ ಕೂತುಬಿಟ್ಟಿತು. ಪುಣೆಯವರು ಫೋನ್ ಮಾಡಿದರೆ ಈಗ ಅದೇ ಅಚ್ಚಿಗೆ ನಮ್ಮ ಸರಕು ಹಾಕುತ್ತೇನೆ: ‘ದಿ ಬೋರ್ ಶುಡ್ ಹ್ಯಾವ್ ಬೀನ್ 25 ಎಂಎಂ, ಸರ್.’

ಮಾತಿನ ಅಭ್ಯಾಸಕ್ಕೆ ಜೊತೆಗಾರ ನನ್ನ ಭಾವಮೈದ, ಹಾಸನದಲ್ಲಿದ್ದಾನೆ. ಪಂದ್ಯ ನಡೆದ ಮರುದಿನ ಬೆಳಿಗ್ಗೆ ಒಂದು ನಿಮಿಷದ ವಾಯ್ಸ್ ಮೆಸೇಜ್, ನಿನ್ನೆಯ ಆಟದ ವರದಿ. ನೇರ ಕಾಮೆಂಟರಿಯಲ್ಲಿ ಬಹುಪಾಲು ವರ್ತಮಾನ ಕಾಲ. ಅದನ್ನೇ ಮರುದಿನ ಹೇಳಹೊರಟರೆ ಎಲ್ಲ ಕ್ರಿಯಾಪದವನ್ನೂ ಭೂತಕಾಲಕ್ಕೆ ತಿರುಗಿಸಬೇಕು. ಇದಕ್ಕಿಂತ ಒಳ್ಳೆಯ ಮನೆಗೆಲಸ ಯಾವ ಮೇಷ್ಟ್ರೂ ನನಗೆ ಕೊಟ್ಟಿರಲಿಲ್ಲ. ‘ಭಾವ, ನೀವು ಹೇಳಿದ್ದರಲ್ಲಿ ಕೊಹ್ಲಿ ಇನ್ನೂ ಔಟಾಗ್ತಾನೇ ಇದಾನೆ’ ಎಂದು ಅವನು ಕನ್ನಡದಲ್ಲೇ ಕಾಲೆಳೆಯುತ್ತಾನೆ. ತಿದ್ದುವುದೆಲ್ಲ ಮಾತು ಮುಗಿದ ಮೇಲೆ ಎಂಬುದು ನಮ್ಮ ಕರಾರು. ಮಾತಿನ ನಡುವೆ ತಿದ್ದುವವರ ಜೊತೆ ಅಭ್ಯಾಸ ಮಾಡಲೇಬೇಡಿ, ಅವರೆಷ್ಟೇ ತಿಳಿದವರಾಗಿರಲಿ.

ಉಚ್ಚಾರಣೆಗೆ ನೆರವಾದದ್ದು ದ್ರಾವಿಡ್. 2011ರ ಡಿಸೆಂಬರ್ 14ರಂದು ಅವರು ಕ್ಯಾನ್‌ಬೆರಾದಲ್ಲಿ ಬ್ರಾಡ್ಮನ್ ಉಪನ್ಯಾಸ, ಅಂದರೆ ಆಸ್ಟ್ರೇಲಿಯಾದ ಕ್ರಿಕೆಟಿಗ ಡಾನ್ ಬ್ರಾಡ್ಮನ್ ಹೆಸರಿನ ಭಾಷಣ, ಕೊಟ್ಟರು. ಆಸ್ಟ್ರೇಲಿಯಾದವರಲ್ಲದವರೊಬ್ಬರು ಅದನ್ನು ಕೊಟ್ಟದ್ದು ಅದೇ ಮೊದಲು. ವಿಡಿಯೋವೂ ಸಿಗುತ್ತದೆ, ಪೂರ್ತಿ ಬರಹವೂ ಸಿಗುತ್ತದೆ. ಬರಹ ಎದುರಿಗಿಟ್ಟುಕೊಂಡು, ವಿಡಿಯೋದ ವೇಗ ಮುಕ್ಕಾಲಿಗೆ ಇಳಿಸಿ, ಅವರು ಹೇಳಿದ್ದನ್ನು ಅವರ ಬೆನ್ನಿಗೇ ಹೇಳುತ್ತಾ ಹೋಗುವುದು. ಬೆಂಗಳೂರಿನಲ್ಲಿ ಬೆಳೆದವರ ಇಂಗ್ಲಿಷ್ ಆದ್ದರಿಂದ ನಾಲಿಗೆ ಹೊರಳಿಸುವ ಸರ್ಕಸ್ ಬೇಕಿಲ್ಲ. ಪದದ ಕೊನೆಗೆಲ್ಲ ‘ಉ’ ಸೇರಿಸುವ ನಮ್ಮ ರೂಢಿ, ಬಾಲು, ಬ್ಯಾಟು ಎನ್ನುವುದು, ಹೀಗೆ ಹಿಂಬಾಲಿಸುವಾಗ ತಾನಾಗಿ ಸಡಿಲವಾಗುತ್ತದೆ. ‘ಉ’ ಎಳೆಯುತ್ತಾ ಕೂತರೆ ದ್ರಾವಿಡ್ ಮುಂದಿನ ಪದಕ್ಕೆ ಹೋಗಿಬಿಟ್ಟಿರುತ್ತಾರೆ. ಆ ಭಾಷಣದಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಅವರ ಜೂನಿಯರ್ ತಂಡದ ಇಬ್ಬರು ಬೌಲರುಗಳದ್ದು. ಒಬ್ಬನಿಗೆ ಹಿಂದಿ ಮಾತ್ರ, ಇನ್ನೊಬ್ಬನಿಗೆ ಮಲಯಾಳಂ ಮಾತ್ರ. ಆದರೂ ಇಬ್ಬರೂ ಬ್ಯಾಟ್ ಹಿಡಿದು ನೂರು ರನ್ ಜೊತೆಯಾಟ ಆಡಿದರಂತೆ.

ಚಿಕ್ಕಪುಟ್ಟ ಆಟಗಳೂ ಇವೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದ ಕೂಡಲೇ, ಯಂತ್ರಕ್ಕಿಂತ ಮುಂಚೆ ನಾನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಬೇಕು. ಭಾನುವಾರ ಹೈಲೈಟ್ಸ್ ಹಾಕಿ, ಟಿವಿ ಸದ್ದು ಅಡಗಿಸಿ ನಾನೇ ಕಾಮೆಂಟರಿ ಕೊಡುವುದೂ ಉಂಟು. ಮಗಳು ಅಂಪೈರ್. ನಡುವೆ ‘ಆಮೇಲೆ’, ‘ಅದೇನಂದ್ರೆ’ ನುಸುಳಿದರೆ ‘ಅಪ್ಪಾ, ಔಟ್!’ ಎಂದು ಬೆರಳೆತ್ತುತ್ತಾಳೆ, ಮೈಕ್ ಅವಳಿಗೆ ಹೋಗುತ್ತದೆ. ಮೈಕ್ ಅಂದರೆ ಚಪಾತಿ ಲಟ್ಟಣಿಗೆ. ಸಬ್‌ಟೈಟಲ್ ಹಾಕಿ ಇಂಗ್ಲಿಷ್ ಸಿನಿಮಾ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ನನಗಂತೂ ಅದು ದಕ್ಕಲಿಲ್ಲ. ಕಣ್ಣು ಅಕ್ಷರ ಓದುತ್ತಿದ್ದರೆ ಕಿವಿ ಮಲಗಿಬಿಡುತ್ತದೆ.

ಕ್ರಿಕೆಟ್ಟೇ ಆಗಬೇಕೆಂದಿಲ್ಲ. ನನ್ನ ಹೆಂಡತಿಗೆ ಆ ಆಟ ಕಂಡರಾಗದು. ಅವಳು ತನಗೆ ಚೆನ್ನಾಗಿ ಬರುವ ಅಡುಗೆಗಳನ್ನೇ ಇಂಗ್ಲಿಷ್ ವಿಡಿಯೋಗಳಲ್ಲಿ ಹುಡುಕಿ ನೋಡುತ್ತಾಳೆ, ಕಲಿಯುವುದಕ್ಕಲ್ಲ, ಜಗಳಕ್ಕೆ. ಹೇಗೆ ಮಾಡಬೇಕೆಂದು ಗೊತ್ತಿರುವುದರಿಂದ ಅವರೇನು ಹೇಳುತ್ತಿದ್ದಾರೆ ಎಂಬುದು ಅವಳಿಗೆ ಮೊದಲೇ ಅಂದಾಜು. ಒಮ್ಮೆ ಯಾರೋ ಮಸಾಲೆ ಹುರಿಯದೆ, ಸಾಂಬಾರ್ ಪುಡಿ ಸುರಿದು ಅನ್ನ ಕಲಸಿದ್ದನ್ನು ನೋಡಿ ಸಿಟ್ಟಿಗೆದ್ದು ಫೋನ್ ಕಿತ್ತುಕೊಂಡಳು. ಯಾರ ಸಹಾಯವೂ ಇಲ್ಲದೆ ಅವಳು ಬರೆದ ಮೊದಲ ಇಂಗ್ಲಿಷ್ ಸಾಲುಗಳು ಆ ವಿಡಿಯೋದ ಕೆಳಗೆ ಇನ್ನೂ ಇವೆ: ‘ದಿಸ್ ಈಸ್ ನಾಟ್ ಬಿಸಿಬೇಳೆಬಾತ್. ಯು ಶುಡ್ ಹ್ಯಾವ್ ಆಸ್ಕ್‌ಡ್ ಸಮ್‌ಬಡಿ.’