ಸೈಟಿಗೆ ನನ್ನದೇ ಬೋರ್ಡು

ನಾನು ಟೈಲ್ಸ್, ಗ್ರಾನೈಟ್ ಹಾಕುವ ಕೆಲಸದವನು. ಸಾಗರ, ಹೊಸನಗರದ ಕಡೆ ಕೆಲಸ ಜಾಸ್ತಿ. ಮಳೆಗಾಲದಲ್ಲಿ ಇಲ್ಲಿ ನೆಲ ಒಣಗುವುದೇ ಇಲ್ಲ. ಅದರ ಮೇಲೆ ನಮ್ಮ ಕೆಲಸಕ್ಕೂ ನೀರು ಬೇಕು. ಧೂಳು ಏಳಬಾರದು, ಬ್ಲೇಡ್ ಕಾಯಬಾರದು ಅಂತ ಕಲ್ಲಿನ ಮೇಲೆ ನೀರು ಬಿಡುತ್ತೇವೆ. ಕೈಯಲ್ಲಿ 230 ವೋಲ್ಟಿನ ಮಷೀನು, ಕಾಲಡಿಯಲ್ಲಿ ಕೆಸರು. ಇಂಥ ಕಡೆ ಸೈಟಿನಲ್ಲಿ ಸಿಗುವ ಕರೆಂಟನ್ನು ಹಾಗೇ ಬಳಸಬಾರದು. ಅದಕ್ಕೇ ಎಲ್ಲಿಗೆ ಹೋದರೂ ನನ್ನದೇ ಕರೆಂಟಿನ ಬೋರ್ಡು ಒಯ್ಯುತ್ತೇನೆ.

ಸೈಟಿನ ಕರೆಂಟು ಹೇಗಿರುತ್ತದೆ ಅಂತ ಕೆಲಸದವರಿಗೆಲ್ಲ ಗೊತ್ತು. ಕಂಬಕ್ಕೆ ಹೊಡೆದ ಹಲಗೆಯ ಮೇಲೆ ಟೆಂಪರರಿ ಮೀಟರು, ಲೋಡ್ ಜಾಸ್ತಿಯಾದರೆ ತಾನಾಗೇ ಬಿದ್ದು ಆಫ್ ಆಗುವ ಒಂದು ಎಂಸಿಬಿ ಸ್ವಿಚ್ಚು, ಒಂದು ಸಾಕೆಟ್ಟು. ಅರ್ಥಿಂಗಿನ ಹಸಿರು ವೈರು ಎಲ್ಲೋ ನೇತಾಡುತ್ತಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ‘ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಬೀಳುತ್ತೆ’ ಅಂತ ಮನೆ ಮಾಲೀಕರು ಧೈರ್ಯ ಹೇಳುತ್ತಾರೆ. ಅದು ಬೀಳುವುದಿಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟು ಹರಿಯಬೇಕು. ಮನುಷ್ಯನ ಜೀವಕ್ಕೆ ಕುತ್ತು ತರಲು ಅದರಲ್ಲಿ ಐನೂರನೇ ಒಂದು ಭಾಗ ಸಾಕು. ಎಂಸಿಬಿ ಇರುವುದು ವೈರು ಸುಡದಿರಲಿ ಅಂತ.

ನನ್ನ ಬೋರ್ಡಿನಲ್ಲಿ ಮುಖ್ಯವಾದದ್ದು 16 ಆಂಪಿಯರ್, 30 ಮಿಲಿಆಂಪಿಯರಿನ ಆರ್‌ಸಿಬಿಓ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬರುತ್ತಿದೆಯಾ ಅಂತ ಅದು ನೋಡುತ್ತಾ ಇರುತ್ತದೆ. ಸ್ವಲ್ಪ ಕರೆಂಟು ಮೈಮೂಲಕವೋ ಒದ್ದೆ ನೆಲದ ಮೂಲಕವೋ ಸೋರಿತು ಅಂದ್ಕೊಳ್ಳಿ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಲೈನು ಕಟ್. ಹೆಚ್ಚೆಂದರೆ 0.3 ಸೆಕೆಂಡು, ಸೋರಿಕೆ ಜಾಸ್ತಿಯಿದ್ದರೆ ಇನ್ನೂ ಬೇಗ. ಓವರ್‌ಲೋಡ್ ನೋಡುವ ಎಂಸಿಬಿಯ ಕೆಲಸವನ್ನೂ ಅದೇ ಮಾಡುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಇದು, ಪಕ್ಕದಲ್ಲಿ ಸಾಕೆಟ್ಟುಗಳು, ಸೈಟಿನ ಸಾಕೆಟ್ಟಿಗೆ ಹೋಗಲು 2.5 ಸ್ಕ್ವೇರ್ ಎಂಎಂನ ಮೂರು ಕೋರ್ ಕೇಬಲ್ಲು. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ.

ಇಷ್ಟಿದ್ದರೆ ಶಾಕೇ ಹೊಡೆಯುವುದಿಲ್ಲ ಅಂತಲ್ಲ. ಕರೆಂಟು ಕಟ್ ಆಗುವ ಮೊದಲು ಜುಮ್ ಅಂತ ಒಂದು ಏಟು ಬಿದ್ದೇ ಬೀಳುತ್ತದೆ. ಏಣಿ ಮೇಲಿದ್ದರೆ ಅಷ್ಟಕ್ಕೇ ಕೆಳಗೆ ಬೀಳಬಹುದು. ಇನ್ನೊಂದು ಮಾತು: ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಆರ್‌ಸಿಬಿಓಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಹೋದಷ್ಟೂ ಕರೆಂಟು ವಾಪಸು ಬರುತ್ತಿರುತ್ತದೆ. ಅದಕ್ಕೇ ಪಿನ್ನಿಲ್ಲದ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವುದನ್ನು ನನ್ನ ಸೈಟಿನಲ್ಲಿ ಬಿಡುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮೊದಲು ಟೆಸ್ಟ್ ಬಟನ್ ಒತ್ತುತ್ತೇನೆ. ಟ್ರಿಪ್ ಆಗದಿದ್ದರೆ ಆ ಬೋರ್ಡಿನಿಂದ ಕೆಲಸ ಇಲ್ಲ. ಆದರೆ ಆ ಬಟನ್ ನೋಡುವುದು ಆರ್‌ಸಿಬಿಓವನ್ನು ಮಾತ್ರ. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ನೇ ನೋಡಬೇಕು.

‘ಕಟಿಂಗ್ ಮಷೀನಿಗೆ ಎರಡೇ ವೈರು, ಅರ್ಥೇ ಇಲ್ಲ, ಇದು ಡೂಪ್ಲಿಕೇಟಾ?’ ಅಂತ ಹೊಸ ಹುಡುಗರು ಕೇಳುತ್ತಾರೆ. ಮೈಮೇಲಿನ ಲೇಬಲ್ ನೋಡಿ. ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ ಮಷೀನು, ಅರ್ಥ್ ವೈರು ಬೇಡ. ಆದರೆ ಗ್ರಾನೈಟಿನ ಕೆಸರು ನೀರು ಗಾಳಿ ಹೋಗುವ ಸಂದಿಯಿಂದ ಒಳಗೆ ಹೋದರೆ ಆ ರಕ್ಷಣೆಯನ್ನು ನಂಬುವ ಹಾಗಿಲ್ಲ. ಒಣಗಿದ್ದಾಗ ಮಾತ್ರ ಬಳಸಿ ಅಂತ ಪುಸ್ತಕದಲ್ಲಿ ಬರೆದಿರುವ ಮಷೀನನ್ನು ನಾನು ನೀರಿನ ಕೆಲಸಕ್ಕೆ ತೆಗೆಯುವುದೇ ಇಲ್ಲ. ನೀರಿನ ಮಷೀನಿನಲ್ಲೂ ಕೆಸರು ನಮ್ಮ ಕಡೆ ಬರದಂತೆ ಕಲ್ಲನ್ನು ಸ್ವಲ್ಪ ಓರೆ ಇಡುತ್ತೇವೆ. ಗೋಡೆಗೆ ಹಾಕಿದ ಟೈಲ್ಸನ್ನು ನೀರು ಬಿಟ್ಟು ಕಟ್ ಮಾಡುವುದಿಲ್ಲ, ನೀರು ನೇರ ಮೋಟರಿಗೆ ಇಳಿಯುತ್ತದೆ. ಕೇಬಲ್ಲು ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೆ ಹೋಗಬೇಕು. ಆಗ ಅದರ ಮೇಲೆ ಹರಿದು ಬಂದ ನೀರು ಕೆಳಗೇ ತೊಟ್ಟಿಕ್ಕುತ್ತದೆ.

ಬೋರ್ಡು ಪದೇ ಪದೇ ಟ್ರಿಪ್ ಆದಾಗಲೇ ನಿಜವಾದ ಪರೀಕ್ಷೆ. ‘ಅಣ್ಣ, ಇದು ನಿಲ್ತಾನೇ ಇಲ್ಲ, ಬೋರ್ಡು ಬಿಟ್ಟು ಡೈರೆಕ್ಟ್ ಕೊಡ್ಲಾ?’ ಅನ್ನುವ ಹುಡುಗ ಎಲ್ಲ ತಂಡದಲ್ಲೂ ಇರುತ್ತಾನೆ. ಸಂಜೆಯೊಳಗೆ ಕೆಲಸ ಮುಗಿಸುವ ಆತುರ ಅವನದು, ಅರ್ಥವಾಗುತ್ತದೆ. ಆದರೂ ಬೇಡ ಅಂತಲೇ ಹೇಳುತ್ತೇನೆ. ಎಲ್ಲ ಪಿನ್ನು ಕಿತ್ತು ಒಂದೊಂದೇ ಹಾಕಿ ನೋಡಿದರೆ ತಪ್ಪು ಎಲ್ಲಿದೆ ಅಂತ ಸಿಗುತ್ತದೆ. ಸಾಮಾನ್ಯವಾಗಿ ಒದ್ದೆಯಾದ ಮಷೀನು, ಇಲ್ಲವೇ ಟೇಪ್ ಸುತ್ತಿದ ಜಾಯಿಂಟು. ಆ ಮಷೀನು ರಿಪೇರಿ ಅಂಗಡಿಗೆ ಹೋಗುತ್ತದೆ. ಕೇಬಲ್ಲಿಗೆ ನಾನು ಟೇಪ್ ಸುತ್ತುವುದಿಲ್ಲ. ಸಿಪ್ಪೆ ಹೋದ ಜಾಗದ ತನಕ ಕತ್ತರಿಸಿ ಹೊಸ ತ್ರೀ ಪಿನ್ ಟಾಪ್ ಹಾಕಿಸುತ್ತೇನೆ, ನಡುವೆ ಹೋಗಿದ್ದರೆ ಕೇಬಲ್ಲೇ ಬದಲು. ಅರ್ಥ್ ಇರುವ ಕೇಬಲ್ಲಿಗೆ ಟಾಪ್ ಹಾಕುವಾಗ ಹಸಿರು ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿಸುತ್ತೇನೆ. ಯಾರಾದರೂ ಕೇಬಲ್ಲು ಎಳೆದರೂ ಅದು ಕೊನೆಗೆ ಕಳಚಬೇಕು. ಅರ್ಥ್ ಪಿನ್ನು ಉದ್ದ ಇರುವುದೂ ಇಂಥದ್ದೇ ಕಾರಣಕ್ಕೆ, ಮೊದಲು ತಾಗಬೇಕು, ಕೊನೆಗೆ ಬಿಡಬೇಕು.

ರೀಲಿಗೆ ಸುತ್ತಿದ ಎಕ್ಸ್‌ಟೆನ್ಶನ್ ಇದ್ದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ ಹಾಗೇ ದೊಡ್ಡ ಮಷೀನು ಓಡಿಸಿದರೆ ಒಳಗಿನ ಕಾವು ಹೊರಗೆ ಹೋಗದೆ ವೈರಿನ ಸಿಪ್ಪೆ ಕರಗುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುವುದು ಮಾಮೂಲು. ಹೋದ ಕೂಡಲೇ ಪಿನ್ನು ಕೀಳಬೇಕು. ಸ್ವಿಚ್ ಲಾಕ್ ಆಗಿದ್ದ ಗ್ರೈಂಡರು ಕರೆಂಟು ಬಂದಾಗ ತಾನಾಗೇ ತಿರುಗಿ ನೆಲದ ಮೇಲೆ ಕುಣಿಯುತ್ತದೆ.

ಹೊಸ ಸೈಟಿಗೆ ಹೋದ ದಿನ ಮೇನ್ ಸ್ವಿಚ್ ಎಲ್ಲಿದೆ ಅಂತ ಎಲ್ಲರಿಗೂ ತೋರಿಸುತ್ತೇನೆ. ಯಾರಿಗಾದರೂ ಕರೆಂಟು ಹಿಡಿದರೆ ಮೊದಲು ಅದನ್ನು ಆಫ್ ಮಾಡಬೇಕು, ಅಲ್ಲಿಯವರೆಗೆ ಅವನನ್ನು ಮುಟ್ಟಬಾರದು. ಎಚ್ಚರ ತಪ್ಪಿದ್ದರೆ 108ಕ್ಕೆ ಫೋನು, ಉಸಿರಾಟ ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರು. ಜೋರು ಶಾಕ್ ಹೊಡೆದು ಎದ್ದು ನಿಂತು ‘ಏನೂ ಆಗಿಲ್ಲ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸುತ್ತೇನೆ, ಹೃದಯದ ಬಡಿತ ಏರುಪೇರಾಗಿರಬಹುದು. ಕೂಲಿ ಹೋಗುತ್ತದೆ ಅನ್ನುವ ಹೆದರಿಕೆಗೆ ಹುಡುಗರು ಶಾಕ್ ಹೊಡೆದದ್ದನ್ನು ಮುಚ್ಚಿಡುತ್ತಾರೆ. ಅದಕ್ಕೇ ಆವತ್ತಿನ ಕೂಲಿ ಪೂರ್ತಿ ಕೊಡುತ್ತೇನೆ ಅಂತ ಕೆಲಸಕ್ಕೆ ಸೇರುವಾಗಲೇ ಹೇಳಿಬಿಡುತ್ತೇನೆ.