ಶುಂಠಿ ಬಾಡಿದರೆ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡಿ

ಕೊಡಗಿನಲ್ಲಿ ಮಳೆ ಹಿಡಿದು ನಡುವೆ ಸ್ವಲ್ಪ ಬಿಸಿಲು ಬಿದ್ದಾಗ ಶುಂಠಿ ಎಲೆ ಸುರುಳಿ ಸುತ್ತಿಕೊಂಡರೆ, ಎಲ್ಲ ಕೊಳೆಯೂ ಒಂದೇ ಎಂದುಕೊಂಡು ಶಿಲೀಂಧ್ರನಾಶಕ ಸುರಿಯಬೇಡಿ. ಮೊದಲು ಇದನ್ನು ಮಾಡಿ.

ಈಗಷ್ಟೇ ಬಾಡತೊಡಗಿದ ಗಿಡ ಆರಿಸಿ. ಪೂರ್ತಿ ಕೊಳೆತದ್ದು ಬೇಡ, ಅದರಲ್ಲಿ ಬೇರೆ ಜೀವಿಗಳೂ ಸೇರಿಕೊಂಡಿರುತ್ತವೆ. ಕಾಂಡದ ಬುಡದಿಂದ 2 ಇಂಚಿನ ತುಂಡು ಕತ್ತರಿಸಿ, ಮಣ್ಣು ತೊಳೆದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೆಳತುದಿ ಮುಳುಗುವಂತೆ ದಾರ ಕಟ್ಟಿ ಇಳಿಬಿಡಿ. ಅಲುಗಾಡಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ದುಂಡಾಣು ಸೊರಗು ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆಗಳು ನೇರ ಕೆಳಗಿಳಿಯುತ್ತವೆ. ಅದು ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ, ತನ್ನ ಲೋಳೆಯ ಸಮೇತ.

ಈ ಲೋಳೆ ಹೇಗೆ ಬಂತೆಂದು ಗೊತ್ತಿದ್ದರೆ ಮುಂದೇನು ಮಾಡಬೇಕೆಂಬುದೂ ಹೊಳೆಯುತ್ತದೆ. ಬೇರಿನ ಗಾಯದಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಕೆಲವೇ ಇದ್ದಾಗ ಹೆಚ್ಚು ಲೋಳೆ ಕಟ್ಟುವುದಿಲ್ಲ. ಪ್ರತಿಯೊಂದೂ ಒಂದು ಸಂಕೇತ ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ, ಅಷ್ಟೆ. ಗಿಡದ ನೀರುನಾಳದೊಳಗೆ ಮಿಲಿಲೀಟರಿಗೆ ಸುಮಾರು 1 ಕೋಟಿ ದಾಟಿದಾಗ ಆ ಸಂಕೇತ ಸಾಂದ್ರವಾಗಿ, ಎಲ್ಲವೂ ಒಟ್ಟಿಗೇ ಲೋಳೆ ತಯಾರಿಸಲು ಹಿಡಿಯುತ್ತವೆ. ನಾಳ ಕಟ್ಟಿಕೊಂಡು, ಬುಡದಲ್ಲಿ ನೀರಿದ್ದೂ ಗಿಡ ಬಾಡುತ್ತದೆ.

ಗಿಡವೂ ಸುಮ್ಮನಿರುವುದಿಲ್ಲ. ದಾಳಿಯಾದಾಗ ಸ್ಯಾಲಿಸಿಲಿಕ್ ಆಮ್ಲವೆಂಬ ಹಾರ್ಮೋನನ್ನು ಹೆಚ್ಚಿಸಿಕೊಂಡು ರಕ್ಷಣೆಗೆ ನಿಲ್ಲುತ್ತದೆ. ಈ ಹಾರ್ಮೋನು ಬ್ಯಾಕ್ಟೀರಿಯಾಗಳ ಮಾತುಕತೆಗೂ ಅಡ್ಡ ಬರುತ್ತದೆ. ಮೆತ್ತನೆ ಕೊಳೆ ತರುವ ಪೆಕ್ಟೋಬ್ಯಾಕ್ಟೀರಿಯಂನಲ್ಲಿ ಸಂಕೇತದ ತಯಾರಿಯೇ ತಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ. ಗಿಡದ ಬುಡದಲ್ಲಿ ಗಂಟು ಬರಿಸುವ ಅಗ್ರೋಬ್ಯಾಕ್ಟೀರಿಯಂನದು ಇನ್ನೂ ಸ್ವಾರಸ್ಯ: ಈ ಹಾರ್ಮೋನು ತಾಗಿದರೆ ತನ್ನದೇ ಸಂಕೇತವನ್ನು ಒಡೆಯುವ ಕಿಣ್ವವನ್ನು ಅದು ತಾನೇ ತಯಾರಿಸುತ್ತದೆ.

ಹಾಗಾದರೆ ಆ ಆಮ್ಲವನ್ನೇ ತಂದು ಸಿಂಪಡಿಸೋಣವೆಂದು ಹೊರಡಬೇಡಿ. ರಾಲ್ಸ್ಟೋನಿಯಾದ ಕೆಲವು ತಳಿಗಳು ಸ್ಯಾಲಿಸಿಲಿಕ್ ಆಮ್ಲವನ್ನು ಒಡೆದುಹಾಕುತ್ತವೆ. ಪ್ರಮಾಣ ಮೀರಿದರೆ ಎಲೆಯೂ ಸುಡುತ್ತದೆ. ನಮ್ಮ ಕೈಯಲ್ಲಿರುವುದು ಬ್ಯಾಕ್ಟೀರಿಯಾದ ಸಂಖ್ಯೆ ಬೆಳೆಯದಂತೆ, ಹರಡದಂತೆ ನೋಡಿಕೊಳ್ಳುವುದು. ಎಳೆ ಕಂಡ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ಚೀಲಕ್ಕೆ ಹಾಕಿ ಹೊರಗೊಯ್ಯಿರಿ, ದಾರಿಯಲ್ಲಿ ಮಣ್ಣು ಉದುರಬಾರದು. ಆ ಮಡಿಯ ನೀರು ಕೆಳಗಿನ ಗದ್ದೆಗೆ ಇಳಿಯದಂತೆ ಕಾಲುವೆ ತಿರುಗಿಸಿ. ಕತ್ತಿ, ಗುದ್ದಲಿ ತೊಳೆಯದೆ ಮುಂದಿನ ಮಡಿಗೆ ಹೋಗಬೇಡಿ. ಕಳೆ ತೆಗೆಯುವಾಗ ಬೇರಿಗೆ ಏಟು ಬೀಳದಿರಲಿ. ಲೋಟದ ನೀರನ್ನು ಕುದಿಸಿಯೇ ಚೆಲ್ಲಿ. ಬರುವ ವರ್ಷಕ್ಕೆ ಬಿತ್ತನೆ ಗಡ್ಡೆಯನ್ನು ಈ ತಾಕಿನಿಂದ ಎತ್ತಿಡಬೇಡಿ. ಅನುಮಾನ ಉಳಿದರೆ ಬಾಡಿದ ಗಿಡವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.