ಬೇಸಿಗೆಯಲ್ಲಿ ಅಯ್ಯನಕೆರೆಗೆ ಒಂದು ದಿನದ ಪ್ರವಾಸ: ಯೋಜನೆ ಹೇಗಿರಬೇಕು

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಚಿಕ್ಕಮಗಳೂರಿನ ಗಿರಿಶ್ರೇಣಿಯ ರಸ್ತೆಗಳು ವಾಹನಗಳಿಂದ ತುಂಬಿಹೋಗುತ್ತವೆ. ಮುಳ್ಳಯ್ಯನಗಿರಿ, ದತ್ತಪೀಠ, ಮಾಣಿಕ್ಯಧಾರಾ, ದಾರಿಯಲ್ಲಿ ಸಿಗುವ ಒಂದೆರಡು ಕೆರೆ, ಸಂಜೆಗೆ ಬೇಲೂರು ಎಂದು ಪಟ್ಟಿ ಮಾಡಿಕೊಂಡು ಬರುವ ಕುಟುಂಬಗಳು ದಿನದ ಬಹುಪಾಲನ್ನು ಕಾರಿನೊಳಗೇ ಕಳೆದು, ಮಕ್ಕಳು ಬಳಲಿ, ಹಿರಿಯರು ಬೇಸತ್ತು ಊರಿಗೆ ಮರಳುವುದು ಪ್ರತಿ ವರ್ಷವೂ ಕಾಣುವ ಸಂಗತಿ. ಮನೆಮಂದಿಯೆಲ್ಲ ನೆಮ್ಮದಿಯಾಗಿ ಕೂತು, ಉಂಡು, ಅಡ್ಡಾಡಿ ಬರಬೇಕೆಂಬ ಆಸೆಯಿದ್ದರೆ ದಿನಕ್ಕೆ ಒಂದೇ ಕೆರೆಯನ್ನು ಆರಿಸಿಕೊಳ್ಳಬೇಕು ಮತ್ತು ಆ ದಿನವನ್ನು ಬಿಸಿಲಿನ ಲೆಕ್ಕದಲ್ಲಿ ಹಂಚಿಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಆಯ್ಕೆಗೆ ಈ ಭಾಗದಲ್ಲಿ ಮುಖ್ಯವಾಗಿ ಮೂರು ಕೆರೆಗಳಿವೆ. ಬಾಬಾಬುಡನ್‌ಗಿರಿಯ ಎತ್ತರದಲ್ಲಿರುವ ಗಾಳಿಕೆರೆ ನಡೆಯಬಲ್ಲವರಿಗೆ ಮಾತ್ರ ಹೇಳಿಮಾಡಿಸಿದ್ದು. ಅಲ್ಲಿಗೆ ಹೋಗಬೇಕೆನ್ನುವವರು ಗಿರಿಪ್ರದೇಶದ ಪ್ರವಾಸಿಗರಿಗೆ ಜಿಲ್ಲಾಡಳಿತವು 2025ರಲ್ಲಿ ಜಾರಿಗೆ ತಂದ ಆನ್‌ಲೈನ್ ಮುಂಗಡ ನೋಂದಣಿಯ ಈಗಿನ ನಿಯಮಗಳನ್ನು ಮನೆಯಲ್ಲೇ ನೋಡಿಕೊಂಡು ಹೊರಡಬೇಕು. ಊರಿಗೆ ಹತ್ತಿರವಿರುವ ಹಿರೇಕೊಳಲೆ ಕೆರೆ ಅರ್ಧ ದಿನಕ್ಕೆ ಸಾಕು. ಪುಟ್ಟ ಮಕ್ಕಳು, ಮಂಡಿನೋವಿರುವ ಅಜ್ಜ ಅಜ್ಜಿ, ಬುತ್ತಿಯ ಚೀಲಗಳು ಎಲ್ಲವೂ ಜೊತೆಗಿರುವ ಪೂರ್ತಿ ಒಂದು ದಿನಕ್ಕಾದರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೇ ಸೂಕ್ತ. ಈ ಲೇಖನ ಮುಖ್ಯವಾಗಿ ಅದನ್ನು ಕುರಿತದ್ದು.

ಅಯ್ಯನಕೆರೆ ಚಿಕ್ಕಮಗಳೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಬಾಬಾಬುಡನ್ ಗಿರಿಸಾಲಿನ ಪೂರ್ವದ ತಪ್ಪಲಿನಲ್ಲಿದೆ. ಇದನ್ನು ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದನೆಂದೂ ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ಬೆಟ್ಟದಿಂದ ಇಳಿದು ಬರುವ ಗೌರಿಹಳ್ಳವನ್ನು ಇಲ್ಲಿ ಏರಿ ಕಟ್ಟಿ ನಿಲ್ಲಿಸಲಾಗಿದೆ. ಕೆರೆಯಿಂದ ಮುಂದಕ್ಕೆ ಹರಿಯುವ ನೀರೇ ವೇದಾ ಹೊಳೆ, ಅದು ಅವತಿ ಹೊಳೆಯನ್ನು ಕೂಡಿಕೊಂಡು ವೇದಾವತಿಯಾಗಿ ಕಡೂರಿನ ಕಡೆಯಿಂದ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. ನೀರಿನ ಹಿಂದೆ ಗೋಪುರದ ತುದಿಯಂತೆ ಚೂಪಾಗಿ ಎದ್ದಿರುವ ಬೆಟ್ಟವೇ ಶಕುನಗಿರಿ. ನೀವು ನಿಂತು ನೋಡುವ ನೀರು ಹತ್ತಾರು ಹಳ್ಳಿಗಳ ಗದ್ದೆ ತೋಟಗಳ ಜೀವಾಳ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ ಕರೆದೊಯ್ದರೆ, ಕಾಲುವೆಗೆ ನೀರು ಬಿಡುವ ತೂಬು ಯಾವುದು, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಯಾವುದು, ಕಾಲುವೆ ಎಲ್ಲಿಗೆ ಹೋಗುತ್ತದೆ ಎಂದು ಅವರೇ ಕೇಳತೊಡಗುತ್ತಾರೆ.

ಬೇಸಿಗೆ ಎಂದರೂ ಮಾರ್ಚಿ, ಏಪ್ರಿಲ್, ಮೇ ಒಂದೇ ತೆರನಲ್ಲ. ಮಾರ್ಚಿಯಲ್ಲಿ ಬೆಳಗಿನ ಹೊತ್ತು ತಂಪಿರುತ್ತದೆ, ಆದರೆ ಗುಡ್ಡಗಳ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವ ಕಾಲವದು. ಬೀಡಿ, ಬೆಂಕಿಪೊಟ್ಟಣಗಳ ವಿಷಯದಲ್ಲಿ ಅತಿ ಎಚ್ಚರ ಬೇಕು. ಏಪ್ರಿಲಿನಲ್ಲಿ ಬಿಸಿಲು ಬಲಿಯುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಬರುವ ಸಂಭವ ಹೆಚ್ಚು. ಚಿಕ್ಕಮಗಳೂರೆಂದರೆ ಮಲೆನಾಡು, ಸೆಖೆಯೇ ಇರದು ಎಂಬ ನಂಬಿಕೆಯಿಂದ ಹೊರಡುವವರು ಇಲ್ಲಿ ತಪ್ಪುತ್ತಾರೆ: ಸಖರಾಯಪಟ್ಟಣದ ಕಡೆ ಬಯಲುಸೀಮೆಗೆ ತಾಗಿದ ಅರೆಮಲೆನಾಡು, ನಗರಕ್ಕಿಂತ ತಗ್ಗಿನಲ್ಲಿದೆ, ಬಿಸಿಲು ಹೆಚ್ಚು. ಕೆರೆಯ ಮೇಲಿಂದ ಬೀಸುವ ಗಾಳಿ ಮೈಗೆ ತಂಪೆನಿಸುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿ ಬಟ್ಟೆ, ಒಂದೆರಡು ಕೊಡೆ ಇವುಗಳನ್ನು ಮರೆಯಬಾರದು. ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ.

ದಿನವನ್ನು ಹೀಗೆ ಹಂಚಿಕೊಳ್ಳುವುದು ಒಳ್ಳೆಯದು. ಚಿಕ್ಕಮಗಳೂರಿನಿಂದ ಬೆಳಿಗ್ಗೆ ಆರಕ್ಕೆಲ್ಲ ಹೊರಟರೆ ಏಳರೊಳಗೆ ಕೆರೆಯ ಏರಿಯ ಮೇಲಿರಬಹುದು. ಬೆಟ್ಟಗಳು ಪಶ್ಚಿಮಕ್ಕಿರುವುದರಿಂದ ಬೆಳಗಿನ ಎಳೆ ಬಿಸಿಲು ನೇರವಾಗಿ ಅವುಗಳ ಮೈಮೇಲೆ ಬೀಳುತ್ತದೆ, ಗಾಳಿ ಏಳುವ ಮುನ್ನ ನೀರು ನಿಶ್ಚಲವಾಗಿರುವಾಗ ಗುಡ್ಡದ ಪ್ರತಿಬಿಂಬ ಕೆರೆಯಲ್ಲಿ ಪೂರ್ತಿಯಾಗಿ ಮೂಡುತ್ತದೆ. ಫೋಟೊ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆಯಿಲ್ಲ. ಏರಿಯ ಮೇಲಿನ ನಡಿಗೆ, ಹಕ್ಕಿ ನೋಡುವುದು, ಬೆಳಗಿನ ತಿಂಡಿ ಇವೆಲ್ಲ ಹತ್ತೂವರೆಯೊಳಗೆ ಮುಗಿಯಬೇಕು. ಅಲ್ಲಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಯಲಿನಲ್ಲಿ ನಿಲ್ಲದೆ ನೆರಳಿನಲ್ಲೇ ಇರಬೇಕು. ಸಂಜೆಯ ಹೊತ್ತು ಮತ್ತೆ ಏರಿಗೆ ಬರಬಹುದು, ಆದರೆ ಸೂರ್ಯ ಬೆಟ್ಟದ ಹಿಂದೆ ಸರಿಯುವುದರಿಂದ ತಪ್ಪಲಿನಲ್ಲಿ ಬಯಲಿಗಿಂತ ಬೇಗ ಮಬ್ಬಾಗುತ್ತದೆ ಎಂಬುದು ನೆನಪಿರಲಿ.

ಊಟದ ವಿಷಯಕ್ಕೆ ಬರೋಣ. ಕೆರೆಯ ಬಳಿ ಹೋಟೆಲ್ ಸಿಗುತ್ತದೆಂದು ನಂಬಿ ಹೋಗದೆ, ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಲೇಸು. ಬೇಸಿಗೆಯ ಬುತ್ತಿಗೆ ತೆಂಗಿನಕಾಯಿ ಶತ್ರು. ಕಾಯಿತುರಿ ಹಾಕಿದ ಚಿತ್ರಾನ್ನ, ಹಸಿ ಕಾಯಿಚಟ್ನಿಗಳು ಕಾರಿನ ಬಿಸಿಗೆ ಮಧ್ಯಾಹ್ನದೊಳಗೆ ಹಳಸುತ್ತವೆ. ಅವುಗಳ ಬದಲು ಹುಣಸೆ ಗೊಜ್ಜಿನ ಪುಳಿಯೋಗರೆ, ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಉಪ್ಪಿನಕಾಯಿ ಇಟ್ಟುಕೊಂಡರೆ ಸಂಜೆಯವರೆಗೂ ಚಿಂತೆಯಿಲ್ಲ. ಮೊಸರನ್ನಕ್ಕೊಂದು ಹದವಿದೆ. ಅನ್ನವನ್ನು ಬಿಸಿಯಿರುವಾಗಲೇ ಮೆತ್ತಗೆ ಕಿವುಚಿ, ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದೆರಡು ಚಮಚ ಮೊಸರು ಮಾತ್ರ ಹಾಕಿ ಡಬ್ಬಿ ಮುಚ್ಚಬೇಕು. ಬೆಳಿಗ್ಗೆ ಹೀಗೆ ಕಲಸಿದ್ದು ದಾರಿಯಲ್ಲೇ ಹೆಪ್ಪಾಗಿ, ಊಟದ ಹೊತ್ತಿಗೆ ಹುಳಿಯಿಲ್ಲದ ಗಟ್ಟಿ ಮೊಸರನ್ನವಾಗಿರುತ್ತದೆ. ಸಾಸಿವೆ, ಇಂಗಿನ ಒಗ್ಗರಣೆಯನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಒಯ್ದು ಬಡಿಸುವಾಗ ಬೆರೆಸಿಕೊಳ್ಳಿ. ಸೌತೆಕಾಯಿ, ಕಲ್ಲಂಗಡಿ, ನೀರುಮಜ್ಜಿಗೆ, ಬೆಲ್ಲದ ಪಾನಕ ಇವು ಹೊಟ್ಟೆಗೂ ಹಿತ, ದಾಹಕ್ಕೂ ಹಿತ. ಕುಡಿಯುವ ನೀರು ಒಬ್ಬರಿಗೆ ಮೂರು ಲೀಟರಿಗೆ ಕಡಿಮೆ ಬೇಡ. ಕೆರೆಯ ನೀರನ್ನು ಕುಡಿಯಲು ಬಳಸಬಾರದು. ತಟ್ಟೆಗೆ ಮುತ್ತುಗದ ಎಲೆ ಅಥವಾ ಮನೆಯ ಸ್ಟೀಲ್ ತಟ್ಟೆ ಸಾಕು. ಪ್ಲಾಸ್ಟಿಕ್ ಲೇಪವಿರುವ ಕಾಗದದ ತಟ್ಟೆ ಲೋಟಗಳು ಗಾಳಿಗೆ ಹಾರಿ ನೀರಿಗೇ ಬೀಳುತ್ತವೆ, ಕೊನೆಗೆ ತೂಬಿನ ಬಾಯಿಗೆ ಹೋಗಿ ಕೂರುತ್ತವೆ. ಕಸ ತುಂಬಲು ದೊಡ್ಡ ಚೀಲವೊಂದನ್ನು ಒಯ್ದು, ತುಂಬಿದ್ದನ್ನು ಊರಿಗೇ ಮರಳಿ ತನ್ನಿ.

ದಾರಿ ಸುಲಭ. ಚಿಕ್ಕಮಗಳೂರು-ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದವರೆಗೆ ಬಂದು, ಅಲ್ಲಿಂದ ಬೆಟ್ಟದ ಕಡೆಗಿನ ರಸ್ತೆ ಹಿಡಿಯಬೇಕು. ಬಸ್ಸಿನಲ್ಲಿ ಬರುವವರು ಸಖರಾಯಪಟ್ಟಣದಲ್ಲಿ ಇಳಿದು ಆಟೊ ಮಾತಾಡಿಕೊಳ್ಳಬಹುದು, ಆದರೆ ಹಿಂದಿರುಗುವ ಹೊತ್ತನ್ನೂ ಅದೇ ಆಟೊದವರಿಗೆ ಹೇಳಿ ಒಪ್ಪಿಸಿಕೊಂಡಿರಬೇಕು. ಕಾರನ್ನು ಏರಿಯ ಮೇಲೆ ಅಡ್ಡ ನಿಲ್ಲಿಸಬಾರದು. ರೈತರ ಗಾಡಿ, ದನಕರುಗಳು ಓಡಾಡುವ ದಾರಿ ಅದು.

ಇನ್ನು ನೀರಿನ ಮಾತು. ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸಬೇಕಾದದ್ದು ಇದನ್ನೇ. ಕೆರೆ ಈಜುಕೊಳವಲ್ಲ, ಅದರ ತಳ ಸಮವಾಗಿರುವುದಿಲ್ಲ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣದೆ ಮುಚ್ಚಿಹೋಗಿರುತ್ತವೆ, ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳೆತ್ತರಕ್ಕಿಂತ ಆಳಕ್ಕೆ ಇಳಿದುಬಿಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದಾಗ ಇನ್ನೊಂದು ಅಪಾಯ ತೆರೆದುಕೊಳ್ಳುತ್ತದೆ: ಹೊರಬಿದ್ದ ಕೆರೆಯಂಗಳದ ಮೇಲ್ಪದರ ಬಿಸಿಲಿಗೆ ಒಣಗಿ ಬಿರುಕುಬಿಟ್ಟು ಗಟ್ಟಿನೆಲದಂತೆ ಕಂಡರೂ, ಅಡಿಯಲ್ಲಿ ಹೂಳು ಇನ್ನೂ ಹಸಿಯಾಗಿರುತ್ತದೆ. ಕಾಲಿಟ್ಟರೆ ಹಪ್ಪಳದಷ್ಟು ತೆಳುವಾದ ಆ ಪದರ ಮುರಿದು ಕಾಲು ತೊಡೆಯವರೆಗೆ ಹೂತುಹೋಗುತ್ತದೆ, ಕಿತ್ತುಕೊಳ್ಳಲು ಒದ್ದಾಡಿದಷ್ಟೂ ಇನ್ನಷ್ಟು ಕುಸಿಯುತ್ತದೆ. ದನಗಳ ಗೊರಸಿನ ಗುರುತಿರುವ, ಊರಿನವರು ಓಡಾಡುವ ಜಾಡನ್ನು ಬಿಟ್ಟು ಅಂಗಳಕ್ಕೆ ಇಳಿಯಲೇಬಾರದು. ಸೋಪಾನದ ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ. ತೂಬಿನ ಸಮೀಪದಲ್ಲಂತೂ ಯಾರೂ ನೀರಿಗೆ ಇಳಿಯಬಾರದು, ತೂಬು ಎತ್ತಿದಾಗ ಅಲ್ಲಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಮಕ್ಕಳಿರುವ ಗುಂಪಿನಲ್ಲಿ ದೊಡ್ಡವರಲ್ಲಿ ಒಬ್ಬರು ಮೊಬೈಲ್ ಬದಿಗಿಟ್ಟು ನೀರಿನ ಕಡೆ ಕಣ್ಣಿಟ್ಟಿರಬೇಕು, ಅರ್ಧ ಗಂಟೆಗೊಮ್ಮೆ ಸರದಿ ಬದಲಾಗಬೇಕು. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡುವುದಿಲ್ಲ. ಹತ್ತು ಹದಿನೈದು ಮೀಟರ್ ಉದ್ದದ ಗಟ್ಟಿ ಹಗ್ಗ, ಮುಚ್ಚಳ ಬಿಗಿಯಾಗಿರುವ ಖಾಲಿ ಕ್ಯಾನ್ ಇವೆರಡು ಕಾರಿನಲ್ಲಿರಲಿ. ಯಾರಾದರೂ ಜಾರಿಬಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಬಾರದು. ಕ್ಯಾನನ್ನು ಹಗ್ಗಕ್ಕೆ ಕಟ್ಟಿ ಎಸೆದು, ದಡದಲ್ಲಿ ಮಲಗಿ ಎಳೆಯಬೇಕು. ಹಗ್ಗವಿಲ್ಲದಿದ್ದರೆ ಸೀರೆ, ಪಂಚೆಗಳೂ ಆಗುತ್ತವೆ. ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ತಪ್ಪಲಿನಲ್ಲಿ ಎಲ್ಲ ಕಡೆಯೂ ಮೊಬೈಲ್ ಸಿಗ್ನಲ್ ಇರುತ್ತದೆಂದು ಭಾವಿಸದೆ, ಎಲ್ಲಿ ಸಿಗುತ್ತದೆ ಎಂಬುದನ್ನು ತಲುಪಿದ ಕೂಡಲೇ ನೋಡಿಟ್ಟುಕೊಳ್ಳಿ.

ನೆರಳಿಗೆ ಮರ ಆರಿಸುವಾಗ ಜಮಖಾನ ಹಾಸುವ ಮುನ್ನ ಒಮ್ಮೆ ತಲೆಯೆತ್ತಿ ಕೊಂಬೆಗಳನ್ನು ನೋಡಬೇಕು. ಬೇಸಿಗೆಯಲ್ಲಿ ದೊಡ್ಡ ಮರಗಳ ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕೆಳಗೆ ಒಲೆ ಹಚ್ಚಿ ಹೊಗೆ ಎಬ್ಬಿಸುವುದು, ಕಲ್ಲು ಬೀರುವುದು ಪ್ರಾಣಕ್ಕೇ ಸಂಚಕಾರ. ಹುಳು ಎದ್ದರೆ ಕೈ ಬೀಸುತ್ತಾ ನಿಲ್ಲದೆ, ಮುಖ ಮುಚ್ಚಿಕೊಂಡು ಓಡಿ ಕಾರಿನೊಳಗೆ ಸೇರಿ ಗಾಜು ಏರಿಸಬೇಕು. ಮೇ ತಿಂಗಳ ಗುಡುಗಿಗೂ ಕಾರೇ ಆಸರೆ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತಿರದಲ್ಲೇ ಇದೆ ಎಂದರ್ಥ. ಬಯಲಾದ ಏರಿಯ ಮೇಲಾಗಲಿ, ಒಂಟಿ ಮರದ ಕೆಳಗಾಗಲಿ ಆಗ ನಿಲ್ಲಬಾರದು.

ನಡು ಮಧ್ಯಾಹ್ನದ ಹೊತ್ತನ್ನು ಕೆರೆಯ ಬಳಿಯ ಹಳೆಯ ಬಲ್ಲಾಳೇಶ್ವರ ದೇವಾಲಯದ ನೆರಳಿನಲ್ಲಿ ಸದ್ದುಗದ್ದಲವಿಲ್ಲದೆ ಕಳೆಯಬಹುದು. ಹಿರಿಯರಿಗೆ ಬಿಸಿಲು ತಾಳದೆನಿಸಿದರೆ ಹಟ ಮಾಡದೆ ಚಿಕ್ಕಮಗಳೂರಿನ ಅಂಚಿನಲ್ಲೇ ಇರುವ ಹಿರೇಮಗಳೂರಿಗೆ ಹಿಂದಿರುಗಿ, ಪೂಜೆಯ ಮಂತ್ರಗಳನ್ನು ಕನ್ನಡದಲ್ಲಿ ಹೇಳುವ ಕೋದಂಡರಾಮ ದೇವಾಲಯವನ್ನು ಸಂಜೆ ನೋಡುವುದು ಒಳ್ಳೆಯ ಬದಲಿ ಯೋಜನೆ. ತಲೆಸುತ್ತು, ವಾಕರಿಕೆ, ಬೆವರು ನಿಂತು ಮೈ ಕಾವೇರುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ನೆರಳಿಗೆ ಕರೆತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಎಚ್ಚರವಿದ್ದರೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕೊಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ಅರ್ಧ ದಿನ ಮಾತ್ರ ಬಿಡುವಿರುವವರು ಅಯ್ಯನಕೆರೆಗೆ ಧಾವಿಸಿ ಬರುವ ಬದಲು ನಗರದಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಕೊಳಲೆಗೆ ಹೋಗಲಿ. ಅಲ್ಲಿಗೆ ಹೋಗುವ ದಾರಿ ಕಾಫಿ ತೋಟಗಳ ನಡುವೆ ಸಾಗುತ್ತದೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನವಾಗಿದ್ದರೆ ಗಿಡಗಳೆಲ್ಲ ಬೆಳ್ಳಗೆ ಅರಳಿ ಕಾರಿನೊಳಗೂ ಪರಿಮಳ ತುಂಬುತ್ತದೆ. ಆದರೆ ಚಿಕ್ಕಮಗಳೂರಿನ ಜನರಿಗೆ ಕುಡಿಯುವ ನೀರು ಆ ಕೆರೆಯಿಂದಲೂ ಬರುತ್ತದೆ. ಅಲ್ಲಿ ಕೈಕಾಲು ತೊಳೆಯುವುದು, ತಟ್ಟೆ ಗಲಬರಿಸುವುದು, ಕಾರು ತೊಳೆಯುವುದು ಯಾವುದೂ ಸಲ್ಲದು. ಬುತ್ತಿಯನ್ನು ಮನೆಗೆ ಬಂದು ಬಿಚ್ಚುವಂತೆ ಬೆಳಿಗ್ಗೆ ಆರೂವರೆಗೆ ಹೋಗಿ ಹತ್ತರೊಳಗೆ ಮರಳುವುದು, ಇಲ್ಲವೇ ಸಂಜೆ ನಾಲ್ಕರ ನಂತರ ಹೋಗಿ ಕತ್ತಲಾಗುವ ಮುನ್ನ ಹೊರಡುವುದು ಆ ಕೆರೆಗೆ ಸರಿಹೊಂದುವ ಏರ್ಪಾಡು.